ವಾಸನೆ ಬರ್ತಾ ಇಲ್ಲ

ಎದ್ದ ಕೂಡಲೇ ಇಂಗಿನ ಡಬ್ಬಿ. ಹಲ್ಲುಜ್ಜುವುದಕ್ಕೂ ಮೊದಲು, ಹೆಂಡತಿ ಪ್ರೇಮಕ್ಕ ಬಚ್ಚಲಲ್ಲಿರುವ ಹೊತ್ತು ನೋಡಿಕೊಂಡು, ಪಂಚಾಕ್ಷರಯ್ಯ ಅಡುಗೆಮನೆಗೆ ಹೋಗಿ ಸಾಸಿವೆ ಜೀರಿಗೆಗಳ ಹಿಂದಿದ್ದ ಆ ಡಬ್ಬಿಯ ಮುಚ್ಚಳ ತೆಗೆದು ಮೂಗಿಗೆ ಹಿಡಿದ. ಏನೂ ಇಲ್ಲ. ಅಲ್ಲಾಡಿಸಿ ಇನ್ನೊಮ್ಮೆ ಜೋರಾಗಿ ಎಳೆದುಕೊಂಡ. ಪುಡಿ ಒಳಗೆ ಹೋಗಿ ಸೀನು ಬಂತು, ವಾಸನೆ ಬರಲಿಲ್ಲ. ಹದಿಮೂರು ತಿಂಗಳಿಂದ ಹೀಗೇ. ಹೋದ ವರ್ಷ ಯುಗಾದಿಯ ಹೊತ್ತಿಗೆ ಹತ್ತು ದಿನ ಕಾಡಿದ ಜ್ವರ ಬಿಡುವಾಗ ಮೂಗನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಸೀನು ಬರುತ್ತದೆ, ನೆಗಡಿ ಬರುತ್ತದೆ, ಈರುಳ್ಳಿ ಹೆಚ್ಚಿದರೆ ಕಣ್ಣಲ್ಲಿ ನೀರು ಬರುತ್ತದೆ. ಅದೊಂದು ಮಾತ್ರ ಇಲ್ಲ. ಇಂದಿರಾನಗರದ ಮೂಗಿನ ಡಾಕ್ಟರು ಟಾರ್ಚು ಬಿಟ್ಟು ನೋಡಿ, “ನರ ವೀಕ್ ಆಗಿದೆ. ವಾಪಸ್ ಬರಬಹುದು, ಬರದೇನೂ ಇರಬಹುದು. ನಿಮ್ಮದು ಏನು ಕೆಲಸ?” ಅಂತ ಕೇಳಿದ್ದರು. “ಮೇಷ್ಟ್ರು” ಅಂತ ಬಾಯಿಗೆ ಬಂದುಬಿಟ್ಟಿತು. ಯೋಚನೆ ಮಾಡಿ ಹೇಳಿದ ಸುಳ್ಳಲ್ಲ, ಅಷ್ಟು ಸಲೀಸಾಗಿ ಬಂದದ್ದಕ್ಕೇ ಆಮೇಲೆ ಹೇಸಿಗೆಯಾಯಿತು. “ಹಾಗಾದ್ರೆ ಅಂಥಾ ತೊಂದ್ರೆ ಏನಿಲ್ಲ ಬಿಡಿ” ಅಂದಿದ್ದರು ಡಾಕ್ಟರು. ಡಬ್ಬಿಯನ್ನು ಇದ್ದಲ್ಲೇ ಇಟ್ಟು ತಿರುಗಿದರೆ ಬಾಗಿಲಲ್ಲಿ ಪ್ರೇಮಕ್ಕ, ಒದ್ದೆ ತಲೆಗೆ ಟವೆಲು ಸುತ್ತಿಕೊಂಡು ನಿಂತಿದ್ದಳು.

“ಬಂತೇನ್ರೀ?”

“ಏನು?”

“ಏನಿಲ್ಲ ಬಿಡ್ರಿ” ಅಂದು ಅವಳು ಹಾಲಿನ ಪಾತ್ರೆ ಒಲೆಗಿಟ್ಟಳು.

ಅಂದರೆ ಇವಳಿಗೆ ಗೊತ್ತು. ಎಂದಿನಿಂದ ಗೊತ್ತು? ಕೆಲವು ತಿಂಗಳ ಹಿಂದೆ ಒಂದು ಭಾನುವಾರ, ಆ ಹುಳಿಯ ದಿನವೇ ಗೊತ್ತಾಗಿರಬೇಕು. ಹಿಂದಿನ ದಿನದ ಹುಳಿ ಹಳಸಿತ್ತು. ಅವಳು ಬೇಕೆಂದೇ ಬಡಿಸಿದಳೋ ಮರೆತು ಬಡಿಸಿದಳೋ, ಅವನು ಎರಡು ಸಲ ಹಾಕಿಸಿಕೊಂಡು, “ಇವತ್ತು ಭಾಳ ಚೆನ್ನಾಗೈತಿ” ಅಂದಿದ್ದ. ಅವಳು ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಲ ನಾಯಿಗೆ ಸುರಿದದ್ದನ್ನು, ನಾಯಿ ಮೂಸಿ ನೋಡಿ ದೂರ ಸರಿದದ್ದನ್ನು ಕಿಟಕಿಯಿಂದ ನೋಡಿದ್ದ. ಹೊರಮಾವಿನ ಬೀದಿನಾಯಿಗೂ ಇರುವುದು ತನಗಿಲ್ಲ. ಅಷ್ಟು ಆದರೂ ಇಬ್ಬರೂ ಬಾಯಿ ಬಿಟ್ಟಿರಲಿಲ್ಲ. ದಾವಣಗೆರೆ ಕಡೆಯಿಂದ ಬಂದು ಈ ಊರಲ್ಲಿ ಹತ್ತೊಂಬತ್ತು ವರ್ಷ ಬಾಳಿದ ಮೇಲೆ, ಹೇಳದೆ ಇರುವುದರಲ್ಲಿ ಇಬ್ಬರೂ ಪಳಗಿಬಿಟ್ಟಿದ್ದರು. ಅವನು ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಇಡ್ಲಿಯನ್ನು ಬರೀ ಮೆತ್ತಗಿನ ಬಿಸಿ ಎಂದು ನುಂಗಿ, ಸ್ಕೂಟರು ಹತ್ತಿದ. ಗುರುವಾರ. ಆಟೋ ಡ್ರೈವರ್ ಅಹ್ಮದ್ ಪಾಷಾನ ಕೈ ಸುಟ್ಟು ಇವತ್ತಿಗೆ ಐದನೇ ದಿನ.

ಹಲಸೂರಿನ ಬಜಾರಿನ ಹಿಂದೆ, ಒಂದು ಕಾಲಕ್ಕೆ ಮುನಿಆಂಜನಪ್ಪನ ಎಮ್ಮೆಗಳ ಕೊಟ್ಟಿಗೆಯಾಗಿದ್ದ ಜಾಗದಲ್ಲಿ ಈಗ ಅವನದೇ ತಗಡಿನ ಶೆಡ್ಡು. ಪೆಟ್ರೋಲ್ ಆಟೋಗಳನ್ನು ಗ್ಯಾಸಿಗೆ ಬದಲಾಯಿಸುವ ಕೆಲಸ. ಸರ್ಕಾರ ಎಲ್ಲಾ ಆಟೋಗಳೂ ಗ್ಯಾಸಿಗೆ ಬರಬೇಕು ಅಂದ ಮೇಲೆ ಬಾಗಿಲ ಮುಂದೆ ಸದಾ ಸಾಲು. ಸೀಟಿನ ಕೆಳಗೆ ಟ್ಯಾಂಕು, ಅಲ್ಲಿಂದ ತಾಮ್ರದ ಪೈಪು, ಪೈಪಿನ ತುದಿಗೆ ರೆಗ್ಯುಲೇಟರು, ನಡುವೆ ನಾಲ್ಕು ನಟ್ಟುಗಳು. ಕೆಲಸವೆಲ್ಲ ಈ ನಾಲ್ಕು ನಟ್ಟುಗಳಲ್ಲಿ. ಫಿಟ್ಟರ್ ಮುನಾವರ್ ನಟ್ಟು ಬಿಗಿದು ಸೋಪಿನ ನೊರೆ ಹಚ್ಚುತ್ತಾನೆ, ಗುಳ್ಳೆ ಎದ್ದರೆ ಲೀಕು. ಆಮೇಲೆ ಕೊನೆಯ ಮಾತು ಪಂಚಾಕ್ಷರಯ್ಯನದು. ಅವನು ಮಂಡಿಯೂರಿ, ಕಣ್ಣು ಮುಚ್ಚಿ, ಒಂದೊಂದು ನಟ್ಟಿನ ಹತ್ತಿರವೂ ಮೂಗು ಒಯ್ದು ಎಳೆದುಕೊಳ್ಳುತ್ತಾನೆ. ಸುತ್ತ ನಿಂತ ಡ್ರೈವರುಗಳು ಮಾತು ನಿಲ್ಲಿಸುತ್ತಾರೆ. “ವಾಸನೆ ಬರ್ತಾ ಇಲ್ಲ” ಅಂದು ಎದ್ದು, ಬಿಳಿ ಬಣ್ಣದ ಡಬ್ಬಿಯಲ್ಲಿ ಮೂರು ಬೆರಳು ಅದ್ದಿ ರೆಗ್ಯುಲೇಟರಿನ ಪಟ್ಟಿಯ ಮೇಲೆ ಅಡ್ಡಕ್ಕೆ ಮೂರು ಗೆರೆ ಎಳೆದರೆ ಮುಗಿಯಿತು. “ಅಯ್ನೋರು ವಿಭೂತಿ ಹಚ್ಚಿದ್ರು, ಇನ್ ಭಯ ಇಲ್ಲ” ಅಂತ ಡ್ರೈವರುಗಳು ನಗುತ್ತಿದ್ದರು, ಆದರೆ ಆ ಗೆರೆ ಇಲ್ಲದೆ ಗಾಡಿ ಮುಟ್ಟುತ್ತಿರಲಿಲ್ಲ. ಗ್ಯಾಸಿಗೆ ತನ್ನದೇ ಆದ ವಾಸನೆ ಇಲ್ಲ ಅಂತ ಅವನೇ ಎಲ್ಲರಿಗೂ ಪಾಠ ಹೇಳುತ್ತಿದ್ದ. ಕೊಳೆತ ಎಲೆಕೋಸಿನಂಥದನ್ನು ಕಂಪನಿಯವರು ಬೇಕೆಂದೇ ಬೆರೆಸಿರುತ್ತಾರೆ, ಮನುಷ್ಯನಿಗೆ ಮೂಗಿದೆ ಅಂತ ನಂಬಿ. ಪಾಠ ಕೇಳಿದವರಲ್ಲಿ ಒಬ್ಬನೂ ಮರೆಯಲಿಲ್ಲ, ಅದೇ ಕಷ್ಟವಾಯಿತು.

ಮುನಿಆಂಜನಪ್ಪನ ಅಳಿಯ ಮದರಾಸಿನಿಂದ ಒಂದು ಮಿಷನ್ನು ತಂದಿದ್ದ, ಲೀಕ್ ಹಿಡಿಯುವುದು. ಹೊಸ ಟೆಕ್ನಾಲಜಿ, ಇನ್ನು ಮೂಗಿನ ಕಾಲ ಹೋಯಿತು ಅಂದ. ಮಿಷನ್ನು ಪೆಟ್ರೋಲಿನ ಹಬೆಗೂ ಕೂಗಿತು, ಮುನಾವರನ ಅತ್ತರಿಗೂ ಕೂಗಿತು, ಕೊನೆಗೆ ನಿಜವಾದ ಒಂದು ಲೀಕಿನ ಮುಂದೆ ಸುಮ್ಮನಿತ್ತು. ಪಂಚಾಕ್ಷರಯ್ಯ ಎರಡು ಅಡಿ ದೂರದಿಂದಲೇ, “ಮೂರನೇ ನಟ್ಟು” ಅಂದಿದ್ದ. ಎಂಥಾ ಚಪ್ಪಾಳೆ ಅವತ್ತು! ಮಿಷನ್ನು ಗಣೇಶನ ಫೋಟೋದ ಪಕ್ಕ ಬೀರುವಿನ ಮೇಲೆ ಹೋಗಿ ಕೂತಿತು. ಮೂಗು ಹೋದ ಎರಡನೇ ತಿಂಗಳಲ್ಲಿ, ಶೆಡ್ಡು ಖಾಲಿಯಿದ್ದ ಒಂದು ಮಧ್ಯಾಹ್ನ ಅವನು ಸ್ಟೂಲು ಹತ್ತಿ ಆ ಪೆಟ್ಟಿಗೆ ಇಳಿಸಿದ್ದ. ಬ್ಯಾಟರಿ ಸೋರಿ ಒಳಗೆಲ್ಲ ಹಸಿರು ಕಟ್ಟಿತ್ತು. ಒರೆಸಿ ಹೊಸ ಬ್ಯಾಟರಿ ಹಾಕಿದರೆ ನಡೆಯುತ್ತಿತ್ತೇನೋ. ಬ್ಯಾಟರಿ ಬಜಾರಿನ ಯಾವ ಅಂಗಡಿಯಲ್ಲಾದರೂ ಸಿಗುತ್ತಿತ್ತು. ಆದರೆ ಅದನ್ನು ಕೈಗೆ ತೆಗೆದುಕೊಂಡ ದಿನ ಮುನಾವರ್ ಕೇಳುತ್ತಾನೆ, “ಕ್ಯೂಂ ಅಯ್ನೋರೆ, ಮೂಗಿಗೆ ರಜಾನಾ?” ಆ ಒಂದು ಪ್ರಶ್ನೆಗೆ ಹೆದರಿ ಪೆಟ್ಟಿಗೆಯನ್ನು ಮತ್ತೆ ಮೇಲಿಟ್ಟಿದ್ದ. ಸೋಪಿದೆಯಲ್ಲ, ಕಣ್ಣಿದೆಯಲ್ಲ ಎಂದು ಸಮಾಧಾನ ಮಾಡಿಕೊಂಡ. ಮುನಾವರ್ ನೊರೆ ಹಚ್ಚುವಾಗ ಪಕ್ಕದಲ್ಲೇ ನಿಂತು ಕಣ್ಣು ಕೀಲಿಸಿ ನೋಡುವುದು, ಆಮೇಲೆ ಮಂಡಿಯೂರಿ ಮೂಸುವ ನಾಟಕ ಆಡುವುದು. “ವಾಸನೆ ಬರ್ತಾ ಇಲ್ಲ” ಅನ್ನುವುದರಲ್ಲಿ ಸುಳ್ಳೇನಿತ್ತು? ಬರುತ್ತಿರಲಿಲ್ಲ. ಆ ಮಾತಿನೊಳಗೆ ಅವನು ಹದಿಮೂರು ತಿಂಗಳು ಕೂತುಬಿಟ್ಟ. ಗಾಡಿಯಲ್ಲಿ ಇಲ್ಲ ಅಂತ ಅವರು ಕೇಳಿಸಿಕೊಂಡರೆ ಅದು ಅವರ ಕಿವಿ.

ಹೋದ ಶುಕ್ರವಾರ ಸೋಪು ಆಗಿತ್ತು, ಗುಳ್ಳೆ ಇರಲಿಲ್ಲ. ಆದರೆ ಅಹ್ಮದ್ ಪಾಷಾನ ಎಂಜಿನ್ನು ಸ್ಟಾರ್ಟಾದ ಮೇಲೆ ತಡವರಿಸಿತು. ಮುನಾವರ್ ರೆಗ್ಯುಲೇಟರಿನ ಹತ್ತಿರದ ಮೂರನೇ ನಟ್ಟು ಸಡಿಲಿಸಿ, ಏನೋ ತಿರುಗಿಸಿ, ಮತ್ತೆ ಕೂರಿಸಿ, “ಸೋಪು ಇನ್ನೊಂದ್ ಸಲ ಹಾಕ್ಲಾ ಅಯ್ನೋರೆ?” ಅಂದ. ಹೊರಗೆ ಹನ್ನೊಂದು ಗಾಡಿ. ಸುತ್ತ ಏಳೆಂಟು ಜನ. ಯಾರೋ, “ಅಯ್ನೋರ ಮೂಗಿರೋವಾಗ ಸೋಪ್ಯಾಕ್ ಗುರು” ಅಂದರು. ಆ ಮಾತು ಅಷ್ಟು ಸಿಹಿಯಾಗಿತ್ತು! “ಬೇಡ ಬಿಡು, ನಾನ್ ನೋಡ್ತೀನಿ” ಅಂದುಬಿಟ್ಟ. ಮಂಡಿಯೂರಿದ, ಕಣ್ಣು ಮುಚ್ಚಿದ, ಎಳೆದುಕೊಂಡ. ಅಷ್ಟರಲ್ಲಿ ಪಾಷಾನ ಹೆಂಡತಿ ನೂರುನ್ನೀಸಾ, ಏಳು ತಿಂಗಳ ಬಸುರಿ, ಚೆಕಪ್ಪಿಗೆ ಹೋಗಲು ಬಂದು ಬಾಗಿಲಲ್ಲಿ ಕಾಯುತ್ತಿದ್ದವಳು, ದುಪಟ್ಟಾ ಮೂಗಿಗೆ ಹಿಡಿದು, “ಗ್ಯಾಸ್ ವಾಸನೆ ಬರ್ತಾ ಇದೆಯಲ್ಲ ಜಿ” ಅಂದಳು. ಎಲ್ಲರೂ ಪಂಚಾಕ್ಷರಯ್ಯನ ಕಡೆ ನೋಡಿದರು. ಆ ಒಂದು ಗಳಿಗೆ, ಈಗಲೂ ಬೇಕೆಂದರೆ ಬೆರಳಿಟ್ಟು ತೋರಿಸಬಲ್ಲ, ಆ ಗಳಿಗೆಯಲ್ಲಿ ಸೋಪಿನ ಡಬ್ಬಿ ಕೈಗೆ ಒಂದು ಮೊಳ ದೂರದಲ್ಲಿತ್ತು. ಅವನು ನಕ್ಕ. “ಬಸುರಿ ಹೆಂಗಸ್ರ ಮೂಗಮ್ಮಾ ಅದು, ಮಲ್ಲಿಗೆ ಹೂವಲ್ಲೂ ಗ್ಯಾಸ್ ವಾಸನೆ ಬರುತ್ತೆ” ಅಂದ. ಶೆಡ್ಡಿಗೆ ಶೆಡ್ಡೇ ನಕ್ಕಿತು. ಪಾಷಾ, “ಚುಪ್ ಬೈಠೋ, ಅಯ್ನೋರಿಗಿಂತ ನಿಂಗ್ ಗೊತ್ತಾ?” ಅಂತ ಗದರಿದ. ಅವಳೂ ನಕ್ಕಳು, ದುಪಟ್ಟಾವನ್ನು ಇನ್ನೂ ಸ್ವಲ್ಪ ಮೇಲಕ್ಕೆಳೆದುಕೊಂಡು, ಕಣ್ಣು ಕೆಳಗೆ ಹಾಕಿ ನಕ್ಕಳು. ಅವನು ಮೂರು ಗೆರೆ ಎಳೆದ. ಮುನಾವರ್ ಖುಷಿಗೆ ಪಾಷಾನಿಗೆ ಬೀಡಿ ಚಾಚಿದಾಗ ಪಾಷಾ, “ಬೇಡ ಮಗಾ, ಬಿಟ್ಟು ಎರಡು ವರ್ಷ ಆಯ್ತು” ಅಂದು ಕೈ ಅಡ್ಡ ಮಾಡಿದ್ದ. ಅದನ್ನೂ ಪಂಚಾಕ್ಷರಯ್ಯ ಕೇಳಿಸಿಕೊಂಡಿದ್ದ.

ಭಾನುವಾರ ಬೆಳಿಗ್ಗೆ ಪಾಷಾ ಸೀಟು ಎತ್ತಿ ಬ್ಯಾಟರಿ ವೈರು ಮುಟ್ಟಿದ್ದೇ ಕಿಡಿ ಹಾರಿ, ಸೀಟಿನ ಕೆಳಗೆ ತುಂಬಿಕೊಂಡಿದ್ದ ಗ್ಯಾಸು ಭಗ್ಗೆಂದು ಹತ್ತಿ ಬಲಗೈ ಮೊಳಕೈವರೆಗೆ ಸುಟ್ಟಿತು. ಟ್ಯಾಂಕು ಉಳಿಯಿತು, ಪುಣ್ಯ. ಪೊಲೀಸಿನವರು ಬಂದು ಕೇಳಿದಾಗ ಪಾಷಾ, “ಬೀಡಿ ಹಚ್ಚಿದ್ದೆ ಸಾರ್, ನಂದೇ ತಪ್ಪು” ಅಂದನಂತೆ.

ಮುನಿಆಂಜನಪ್ಪ ಇವತ್ತೂ ಅದನ್ನೇ ಹೇಳಿದ. ಬಾಗಿಲ ಬಳಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಪಂಚೆ ಎತ್ತಿ ಕಟ್ಟಿ, ಸಾಲು ನಿಂತ ಆಟೋಗಳನ್ನು ಕಣ್ಣಲ್ಲೇ ಎಣಿಸುತ್ತಿದ್ದವನು, “ಏನ್ ಅಯ್ನೋರೆ, ನಾಕ್ ದಿನದಿಂದ ಮಖಾನೇ ಸರಿ ಇಲ್ವಲ್ಲ ನಿಮ್ದು? ಅವ್ನೇ ಬೀಡಿ ಅಂದವ್ನೆ. ಬರ್ಕೊಂಡೂ ಆಯ್ತು. ನೀವ್ಯಾಕ್ ತಲೆ ಕೆಡಿಸ್ಕೊಂತೀರಾ?” ಅಂದ.

“ಅವನು ಬೀಡಿ ಸೇದಲ್ಲ ಯಜಮಾನ್ರೇ” ಅನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ಪಂಚಾಕ್ಷರಯ್ಯ, “ಹೂಂ” ಅಂದ.

“ಒಂದ್ ಕೆಲ್ಸ ಮಾಡಿ. ಮೂಸಂಬಿ ತಗೊಂಡ್ ಹೋಗಿ ನೋಡ್ಕೊಂಡ್ ಬಂದ್ಬಿಡಿ. ನಾನ್ ಹೋದ್ರೆ ಓನರ್ರು ಬಂದ, ಏನೋ ಐತೆ ಅಂತಾರೆ. ನೀವಾದ್ರೆ ಅವ್ನಿಗೂ ಧೈರ್ಯ. ನಿಮ್ ಹೆಸ್ರು ಹೇಳಿದ್ರೆ ಅವ್ನು ಕೈ ಮುಗೀತಾನೆ ಕಣ್ರೀ.”

ಆ ಮಾತನ್ನು ಕೇಳುವುದಕ್ಕಿಂತ ಹೊಡೆಸಿಕೊಳ್ಳುವುದು ಸುಲಭವಿತ್ತು. ಮುನಾವರ್ ಒಳಗಿನಿಂದ, “ಅಯ್ನೋರೆ, ಎರಡ್ ಗಾಡಿ ರೆಡಿ ಇದೆ, ಮೂಸ್ಬಿಟ್ ಹೋಗಿ” ಅಂದ. “ಬಂದ್ ನೋಡ್ತೀನಿ, ಸೋಪು ಎರಡೆರಡು ಸಲ ಹಾಕಿಡು” ಅಂದು ಅವನು ಸ್ಕೂಟರನ್ನು ಅಲ್ಲೇ ಬಿಟ್ಟು ನಡೆದೇ ಹೊರಟ. ಬೇಗ ತಲುಪುವುದು ಅವನಿಗೆ ಬೇಕಿರಲಿಲ್ಲ.

ಬಜಾರಿನಲ್ಲಿ ಆರು ಮೂಸಂಬಿ ಕಟ್ಟಿಸಿಕೊಂಡು ಮರ್ಫಿ ಟೌನಿನ ಕಡೆ ನಡೆಯುತ್ತಿದ್ದರೆ ಬಿಸಿಲು, ಧೂಳು, ಹಾರ್ನು ಎಲ್ಲಾ ಇದ್ದವು, ಊರು ಮಾತ್ರ ಗಾಜಿನ ಆಚೆ ಇತ್ತು. ಮೊದಲು ಈ ದಾರಿಯನ್ನು ಕಣ್ಣು ಮುಚ್ಚಿ ನಡೆಯಬಹುದಿತ್ತು. ಇಲ್ಲಿ ಹೂವಿನ ಅಂಗಡಿ, ಇಲ್ಲಿ ಒಣಮೀನು, ಇಲ್ಲಿ ಬೇಕರಿಯ ಬೆಣ್ಣೆ, ಗಾಳಿ ತಿರುಗಿದರೆ ಕೆರೆ. ಈಗ ಅಂಗಡಿಗಳ ಬೋರ್ಡು ಓದಿಕೊಂಡು ಹೋಗಬೇಕು. ಒಂದು ಪುಟ್ಟ ಬ್ಯಾಟರಿ ಕಾರು ಸದ್ದಿಲ್ಲದೆ ಪಕ್ಕಕ್ಕೆ ಬಂದು ದಾಟಿ ಹೋಯಿತು. ಹೊಗೆ ಇಲ್ಲ, ಗ್ಯಾಸ್ ಇಲ್ಲ, ನಟ್ಟಿಲ್ಲ. ಇಂದಿರಾನಗರದ ಕಡೆ ಅಂಥವು ಈಗ ಒಂದೆರಡು ಓಡಾಡುತ್ತಿದ್ದವು. ಡೆಲ್ಲಿಯಲ್ಲಿ ಬಸ್ಸುಗಳೆಲ್ಲ ನ್ಯಾಚುರಲ್ ಗ್ಯಾಸಂತೆ, ಮುಂದೊಂದು ದಿನ ಇಲ್ಲಿಗೂ ಪೈಪು ಬರುತ್ತದಂತೆ ಎಂದು ಮುನಿಆಂಜನಪ್ಪನ ಅಳಿಯ ಹೇಳುತ್ತಲೇ ಇರುತ್ತಾನೆ. ಬರಲಿ. ಎಲ್ಲಾ ಬ್ಯಾಟರಿಯದ್ದೇ ಬಂದು ಮೂಗಿನವರೆಲ್ಲ ಮನೆಗೆ ಹೋಗಲಿ. ಆ ಯೋಚನೆ ಬಂದದ್ದೇ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು: ಜಗತ್ತೇ ಬದಲಾದರೂ ಆಗಲಿ, ತಾನು ಒಂದು ಮಾತು ಹೇಳುವುದು ತಪ್ಪಿದರೆ ಸಾಕು! ಎದುರಿಗೆ ಆಟೋ, ಹಿಂದೆ ಆಟೋ. ಒಳಗೆ ಶಾಲೆಯ ಮಕ್ಕಳು, ತರಕಾರಿ ಚೀಲ, ಮುದುಕಿಯರು. ಇದರಲ್ಲಿ ಎಷ್ಟಕ್ಕೆ ತನ್ನ ಮೂರು ಗೆರೆ ಇದೆ? ಹದಿಮೂರು ತಿಂಗಳು, ದಿನಕ್ಕೆ ನಾಲ್ಕು ಅಂದುಕೊಂಡರೂ. ಅವನು ಲೆಕ್ಕ ಮಾಡಲಿಲ್ಲ.

ಓಣಿಯ ಬಾಯಲ್ಲೇ ಪಾಷಾನ ಗಾಡಿ ನೀಲಿ ತಾಡಪಾಲು ಹೊದ್ದು ನಿಂತಿತ್ತು. ಸೀಟು ಸುಟ್ಟು ಕಂಬಿ ಕಾಣುತ್ತಿತ್ತು. ಅವನು ಸುತ್ತ ನೋಡಿ ತಾಡಪಾಲು ಎತ್ತಿ ಬಗ್ಗಿದ. ಮಸಿಯ ನಡುವೆ ಮೂರು ಗೆರೆಗಳು ಹಾಗೇ ಉಳಿದಿದ್ದವು, ಬಿಳಿ ಕಂದಿತ್ತು ಅಷ್ಟೆ. ಕೈ ಒಳಗೆ ಹಾಕಿ ಮೂರನೇ ನಟ್ಟನ್ನು ಎರಡು ಬೆರಳಲ್ಲಿ ಹಿಡಿದ. ತಿರುಗಿತು. ಸ್ಪ್ಯಾನರ್ ಬೇಕಾಗಲಿಲ್ಲ, ಶಕ್ತಿ ಬೇಕಾಗಲಿಲ್ಲ, ಸೀಸೆಯ ಮುಚ್ಚಳದ ಹಾಗೆ ಸಲೀಸಾಗಿ ತಿರುಗಿತು. ಮುನಾವರ್ ಬೆರಳಲ್ಲಿ ಕೂರಿಸಿದ್ದನ್ನು ಸ್ಪ್ಯಾನರಿನಲ್ಲಿ ಬಿಗಿಯುವುದು ಮರೆತಿದ್ದ. ಅದನ್ನು ಹಿಡಿಯಲೆಂದೇ ತಾನಿದ್ದದ್ದು. ಅವನಿಗೆ ಗೊತ್ತಾಗುವಷ್ಟರಲ್ಲಿ ಬೆರಳುಗಳು ನಟ್ಟನ್ನು ಮುಂದಕ್ಕೆ ತಿರುಗಿಸುತ್ತಿದ್ದವು, ವರ್ಷಗಳ ಅಭ್ಯಾಸ, ಬಿಗಿ, ಇನ್ನೂ ಬಿಗಿ. ಅಭ್ಯಾಸವೋ? ಥೂ! ಯಾರಾದರೂ ಬಂದು ಮುಟ್ಟಿ ನೋಡಿದರೆ ಬಿಗಿಯಾಗಿರಲಿ ಅಂತಲೇ ತಿರುಗಿಸಿದ್ದು. ಕೈ ಸುಟ್ಟುಕೊಂಡವನ ಮನೆಯ ಮುಂದೆ ನಿಂತು, ಮೂಸಂಬಿ ಚೀಲವನ್ನು ಮೊಳಕೈಗೆ ಸಿಕ್ಕಿಸಿಕೊಂಡು, ತಾನು ಮಾಡುತ್ತಿರುವ ಕೆಲಸ ನೋಡು. ಅವನು ನಟ್ಟನ್ನು ಮತ್ತೆ ಹಿಂದಕ್ಕೆ ಸಡಿಲಿಸಿದ. ಎಷ್ಟಿತ್ತೋ ಅಷ್ಟಕ್ಕೇ ಬಂತೋ ಇಲ್ಲವೋ ತಿಳಿಯಲಿಲ್ಲ. ಕೈಯೆಲ್ಲ ಮಸಿಯಾಗಿತ್ತು. ಕರ್ಚೀಫಿನಲ್ಲಿ ಒರೆಸಿಕೊಂಡು ಬಾಗಿಲು ತಟ್ಟಿದ.

“ಅರೆ, ಅಯ್ನೋರು! ಆಯಿಯೇ, ಆಯಿಯೇ” ಎಂದು ಪಾಷಾ ಮಂಚದಿಂದ ಏಳಲು ಹೋದ. ಬಲಗೈ ಮೊಳಕೈವರೆಗೆ ಬ್ಯಾಂಡೇಜು, ದಿಂಬಿನ ಮೇಲೆ ಇಟ್ಟಿತ್ತು. ಕಣ್ಣು ಕೆಂಪಗಿದ್ದವು, ಮೈ ಸ್ವಲ್ಪ ಸುಡುತ್ತಿತ್ತೋ ಏನೋ. ನೂರುನ್ನೀಸಾ ಇದ್ದ ಒಂದೇ ಕುರ್ಚಿಯನ್ನು ದುಪಟ್ಟಾದ ತುದಿಯಲ್ಲಿ ಒರೆಸಿ ಅವನಿಗೆ ಹಾಕಿದಳು, ತಾನು ಗೋಡೆಗೆ ಒರಗಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

“ನೀವ್ಯಾಕ್ ಬರೋಕ್ ಹೋದ್ರಿ ಅಯ್ನೋರೆ, ಅಷ್ಟು ದೂರ. ನಂದೇ ಗಲ್ತಿ. ಪೊಲೀಸ್ನೋರಿಗೂ ಹೇಳ್ಬಿಟ್ಟಿದ್ದೀನಿ, ನಿಮ್ಗೆ ಏನೂ ತೊಂದ್ರೆ ಬರಲ್ಲ.”

“ನೋವಿದೆಯಾ?”

“ನೋವು ಕಮ್ಮಿ. ರಾತ್ರಿಯಿಂದ ಚಳಿ ಚಳಿ ಅನ್ಸುತ್ತೆ, ಅಷ್ಟೆ.”

ನೂರುನ್ನೀಸಾ ಗಂಡನ ಮುಖ ನೋಡಿ, ಇವನ ಮುಖ ನೋಡಿ, ಸ್ವಲ್ಪ ಹಿಂಜರಿದು ಹೇಳಿದಳು. “ಡಾಕ್ಟರ್ ಹೇಳಿದ್ರು, ಶನಿವಾರ ಬನ್ನಿ ಪಟ್ಟಿ ಬದಲಾಯಿಸ್ತೀವಿ, ಅದಕ್ಕೆ ಮುಂಚೆ ಪಟ್ಟಿಯಿಂದ ಕೆಟ್ಟ ವಾಸನೆ ಬಂದ್ರೆ ಒಂದ್ ನಿಮಿಷಾನೂ ಕಾಯ್ಬೇಡಿ, ಓಡಿ ಬನ್ನಿ, ಇಲ್ದಿದ್ರೆ ಕೈ ಹೋಗುತ್ತೆ ಅಂತ. ನಂಗೆ ಬೆಳಿಗ್ಗೆಯಿಂದ ಬಂದಂಗೆ ಅನ್ಸುತ್ತೆ. ಇವ್ರು ಇಲ್ಲ ಅಂತಾರೆ. ನಂದು ಬಸುರಿ ಮೂಗಲ್ವಾ, ನೀವೇ ಹೇಳಿದ್ರಲ್ಲ, ಎಲ್ಲದ್ರಲ್ಲೂ ವಾಸನೆ ಬರುತ್ತೆ ಅಂತ. ನಂಬೋಕಾಗಲ್ಲ. ಅಲ್ಲಾನೇ ನಿಮ್ಮನ್ನ ಕಳಿಸಿದ್ದು. ನೀವ್ ಒಂದ್ಸಲ ನೋಡಿ ಅಯ್ನೋರೆ.”

ಅವಳ ದನಿಯಲ್ಲಿ ಕುಹಕ ಇದೆಯೇನೋ ಎಂದು ಅವನು ಹುಡುಕಿದ. ಇದ್ದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಇರಲಿಲ್ಲ. ಅವಳು ಅವತ್ತಿನ ತಮಾಷೆಯನ್ನು ವೈದ್ಯರ ಮಾತಿನಂತೆ ಮನೆಗೆ ತಂದು, ಆರು ದಿನ ಅದರ ಜೊತೆ ಬಾಳಿ, ತನ್ನ ಮೂಗನ್ನೇ ತೆಗೆದು ಪಕ್ಕಕ್ಕಿಟ್ಟುಬಿಟ್ಟಿದ್ದಳು. ಪಾಷಾ ಕೈಯನ್ನು ದಿಂಬಿನ ಸಮೇತ ಮುಂದೆ ಸರಿಸಿದ. ಪಂಚಾಕ್ಷರಯ್ಯ ಬಗ್ಗಿದ. ಬೇರೆ ಯಾವ ರೀತಿ ಮಾಡುವುದೂ ಅವನಿಗೆ ಗೊತ್ತಿರಲಿಲ್ಲ, ಮಂಡಿಯೂರಿದ, ಕಣ್ಣು ಮುಚ್ಚಿದ. ದೇವರೇ, ಇದೊಂದು ಸಲ ಬರಲಿ, ಎಷ್ಟು ಕೊಳೆತದ್ದಾದರೂ ಬರಲಿ ಎಂದು ಬೇಡಿಕೊಂಡು, ಎದೆ ನೋಯುವವರೆಗೆ ಎಳೆದುಕೊಂಡ. ತಣ್ಣನೆಯ ಗಾಳಿ ಒಳಗೆ ಹೋಯಿತು, ಹೊರಗೆ ಬಂತು. ಕಣ್ಣು ತೆರೆದಾಗ ಇಬ್ಬರೂ ಅವನ ತುಟಿಯನ್ನೇ ನೋಡುತ್ತಿದ್ದರು. ಹೇಳಿಬಿಡಬೇಕು ಎಂದೇ ಬಾಯಿ ತೆರೆದ. ನಿಜವನ್ನೇ ಹೇಳಿದ.

“ನಂಗೆ ವಾಸನೆ ಬರ್ತಾ ಇಲ್ಲ.”

“ಅಲ್ಹಮ್ದುಲಿಲ್ಲಾ!” ಪಾಷಾ ತಲೆಯನ್ನು ಗೋಡೆಗೆ ಒರಗಿಸಿ ನಕ್ಕ. “ನೋಡ್ದ್ಯಾ? ಬೆಳಿಗ್ಗೆಯಿಂದ ತಲೆ ತಿಂದಾಕ್ಬಿಟ್ಟೆ. ಆವತ್ತೂ ಹಿಂಗೇ, ಇವತ್ತೂ ಹಿಂಗೇ. ಅಯ್ನೋರು ಹೇಳಿದ್ಮೇಲೆ ಮುಗೀತು, ಶನಿವಾರ ಹೋದ್ರಾಯ್ತು.”

ನೂರುನ್ನೀಸಾ ನಕ್ಕಳು. ಅದೇ ನಗು, ಶುಕ್ರವಾರದ್ದು. ದುಪಟ್ಟಾವನ್ನು ಮೂಗಿನ ಮೇಲಕ್ಕೆ ಎಳೆದುಕೊಂಡು, ಕಣ್ಣು ಕೆಳಗೆ ಹಾಕಿ, ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ. ಒಂದು ಮೂಸಂಬಿ ಸುಲಿದು ತಟ್ಟೆಯಲ್ಲಿ ತಂದಿಟ್ಟಳು. ಅವನು ಒಂದು ತೊಳೆ ಬಾಯಿಗೆ ಹಾಕಿಕೊಂಡ. ನೀರು. ಎದ್ದು, “ಬರ್ತೀನಿ” ಅಂದ. ಬಾಗಿಲವರೆಗೆ ಬಂದ. ಒಂದು ಚಪ್ಪಲಿ ಹಾಕಿಕೊಂಡ. ಹೊರಗೆ ತಾಡಪಾಲು ಗಾಳಿಗೆ ಬಡಿದುಕೊಳ್ಳುತ್ತಿತ್ತು. ಇನ್ನೊಂದು ಚಪ್ಪಲಿ ಕಾಲಿಗೆ ಸಿಗಲಿಲ್ಲ, ಹುಡುಕುತ್ತಾ ನಿಂತಿದ್ದಾಗ ಒಳಗೆ ಅವಳು ತಾನೇ ತನಗೆ ಹೇಳಿಕೊಂಡಂತೆ, “ಹೌದು, ನಂಗೇ ಏನೋ ಆಗಿದೆ” ಅಂದದ್ದು ಕೇಳಿಸಿತು. ಒಂದೇ ಚಪ್ಪಲಿಯಲ್ಲಿ ಅವನು ತಿರುಗಿ ಒಳಗೆ ಬಂದ.

“ನಿಮಗೆ ಏನೂ ಆಗಿಲ್ಲಮ್ಮಾ. ನಾನು ಹೇಳಿದ್ದು ವಾಸನೆ ಇಲ್ಲ ಅಂತ ಅಲ್ಲ. ನಂಗೆ ಬರಲ್ಲ. ನನ್ನ ಮೂಗು ಹೋಗಿದೆ. ಹೋಗಿ ಒಂದು ವರ್ಷದ ಮೇಲಾಯ್ತು. ಯಾವ ವಾಸನೇನೂ ಬರಲ್ಲ.”

ಪಾಷಾ ಮೊದಲು ನಕ್ಕ, ಅಯ್ನೋರು ಏನೋ ತಮಾಷೆ ಮಾಡುತ್ತಿದ್ದಾರೆ ಎಂದು. ಆಮೇಲೆ ನಗು ಮುಖದ ಮೇಲೇ ನಿಂತುಹೋಯಿತು.

“ಶುಕ್ರವಾರ?” ಅಂದಳು ನೂರುನ್ನೀಸಾ.

“ಶುಕ್ರವಾರಾನೂ ಬರ್ತಿರ್ಲಿಲ್ಲ.”

“ವಾಸನೆ ಇತ್ತು?”

“ಇತ್ತು. ನಿಮಗೆ ಬಂತಲ್ಲ, ಅದೇ. ನಟ್ಟು ಸಡಿಲ ಇತ್ತು. ಈಗ ತಾನೇ ನೋಡಿ ಬಂದೆ.” ಇನ್ನೊಂದು ಉಳಿದಿತ್ತು, ಅದನ್ನೂ ಹೇಳಿದ. “ನೋಡೋವಾಗ ಬಿಗಿ ಮಾಡೋಕ್ ಹೋದೆ. ಯಾರಿಗೂ ಗೊತ್ತಾಗ್ಬಾರ್ದು ಅಂತ. ಆಮೇಲೆ ಬಿಟ್ಟೆ.”

ಬೈಯುತ್ತಾರೆ ಎಂದು ಕಾದ. ಬೈದರೆ ಸಾಕು ಎಂದು ಕಾದ. ಪಾಷಾ ತನ್ನ ಬ್ಯಾಂಡೇಜಿನ ಕೈಯನ್ನು ಬೇರೆ ಯಾರದೋ ವಸ್ತು ಎಂಬಂತೆ ನೋಡುತ್ತಾ, “ನಾನ್ ಬೀಡಿ ಸೇದಲ್ಲ ಅಯ್ನೋರೆ” ಅಂದ. “ಎರಡ್ ವರ್ಷ ಆಯ್ತು ಬಿಟ್ಟು. ನಿಮ್ ಹೆಸ್ರು ಕೆಡಬಾರ್ದು ಅಂತ ಹೇಳ್ದೆ. ನೀವ್ ಪಾಸ್ ಮಾಡಿದ್ ಗಾಡಿ ಅಂದ್ಮೇಲೆ ನಂದೇ ಏನೋ ಇರ್ಬೇಕು ಅಂದ್ಕೊಂಡೆ.”

“ಗೊತ್ತು” ಅಂದ ಪಂಚಾಕ್ಷರಯ್ಯ. “ಅದೂ ನಂಗೆ ಗೊತ್ತಿತ್ತು.”

ಪಕ್ಕದ ಮನೆಯಲ್ಲಿ ಕುಕ್ಕರು ಕೂಗಿತು. ನೂರುನ್ನೀಸಾ ಗೋಡೆ ಬಿಟ್ಟು ಮುಂದೆ ಬಂದಳು. “ಎಲ್ರೂ ನಕ್ರು. ನಾನೂ ನಕ್ಕೆ” ಅಂದಳು, ಅಷ್ಟೇ. ಆಮೇಲೆ ಮೂಗಿನ ಮೇಲಿದ್ದ ದುಪಟ್ಟಾ ತೆಗೆದು ಹೆಗಲ ಮೇಲೆ ಹಾಕಿಕೊಂಡು, ಹೊಟ್ಟೆಯನ್ನು ಒಂದು ಕೈಯಲ್ಲಿ ಹಿಡಿದು, ಕಷ್ಟಪಟ್ಟು ಬಗ್ಗಿ, ಬ್ಯಾಂಡೇಜಿನ ಮೇಲೆ ಬೆರಳಿಂದ ಮೊಳಕೈವರೆಗೆ ನಿಧಾನವಾಗಿ ಮೂಸುತ್ತಾ ಹೋದಳು. ಮಣಿಕಟ್ಟಿನ ಹತ್ತಿರ ನಿಂತಳು. ಎದ್ದಳು.

“ಬರ್ತಾ ಇದೆ” ಅಂದಳು. “ಅನ್ಸೋದಲ್ಲ, ಬರ್ತಾ ಇದೆ. ಏಳಿ ನೀವು. ಅಯ್ನೋರೆ, ಆಟೋ ಕರ್ಕೊಂಡ್ ಬನ್ನಿ, ಬೇಗ.”

ಅವನು ಒಂದು ಕಾಲಿಗೆ ಚಪ್ಪಲಿ, ಒಂದು ಬರಿಗಾಲು, ಓಣಿಯ ತುದಿಗೆ ಓಡಿದ. ಟಾರು ಸುಡುತ್ತಿತ್ತು. ನಲವತ್ತೇಳು ವರ್ಷದ, ವಿಭೂತಿ ಹಚ್ಚಿದ ಗಂಡಸು ಒಂಟಿ ಚಪ್ಪಲಿಯಲ್ಲಿ ಕೈ ಬೀಸುತ್ತಾ ಓಡುವುದನ್ನು ಟೀ ಅಂಗಡಿಯವರು ನೋಡಿ ನಗುತ್ತಿದ್ದರು. ನಗಲಿ. ಮೊದಲು ಸಿಕ್ಕ ಆಟೋ ನಿಂತಿತು. “ಅರೆರೆ, ಅಯ್ನೋರೇ! ನಾನು ಪೀರಪ್ಪ, ಗುರ್ತು ಸಿಗ್ಲಿಲ್ವಾ? ಹೋದ್ ತಿಂಗ್ಳು ನೀವೇ ವಿಭೂತಿ ಹಚ್ಚಿದ್ರಲ್ಲ ನನ್ ಗಾಡಿಗೆ!” ಇದ್ದ ಅಷ್ಟೂ ಆಟೋಗಳಲ್ಲಿ ಇದೇ ಬರಬೇಕಿತ್ತೇ ಅಂತ ಅನಿಸಿತು. ಆಮೇಲೆ, ಈ ಊರಲ್ಲಿ ಇನ್ನು ಯಾವ ಆಟೋ ಬಂದರೂ ಹೀಗೇ ಅನಿಸುತ್ತದೆ ಎಂದು ಹೊಳೆಯಿತು.

ಪಾಷಾನನ್ನು ನಡೆಸಿಕೊಂಡು ನೂರುನ್ನೀಸಾ ಬಂದಳು. ಪಾಷಾ ಇವನ ಮುಖ ನೋಡಲಿಲ್ಲ. ಪಾಷಾ ಹತ್ತಲು ಹೋದಾಗ ಅವಳು ತಡೆದು, “ಸೀಟ್ ಎತ್ತಿ ಭಾಯ್” ಅಂದಳು ಪೀರಪ್ಪನಿಗೆ.

“ಯಾಕಮ್ಮಾ? ಅಯ್ನೋರೇ ಪಾಸ್ ಮಾಡಿರೋ ಗಾಡಿ ಕಣಮ್ಮಾ ಇದು.”

“ಎತ್ತಪ್ಪಾ. ಅವ್ರು ನೋಡ್ಲಿ” ಅಂದ ಪಂಚಾಕ್ಷರಯ್ಯ.

ಸೀಟಿನ ಕೆಳಗೆ ಮೂರು ಗೆರೆ ಫಳಫಳ ಬೆಳ್ಳಗಿತ್ತು. ಅವಳು ಬಗ್ಗಿ ಒಂದೊಂದು ನಟ್ಟಿನ ಹತ್ತಿರವೂ ಮೂಗು ಒಯ್ದಳು. ಕಣ್ಣು ಮುಚ್ಚಲಿಲ್ಲ. ಅವಸರ ಮಾಡಲಿಲ್ಲ. ಅವನು ಉಸಿರು ಹಿಡಿದು ನಿಂತಿದ್ದ, ಹಿಂದೆ ಡ್ರೈವರುಗಳು ತನ್ನ ಸುತ್ತ ಹೀಗೇ ನಿಲ್ಲುತ್ತಿದ್ದರು.

“ವಾಸನೆ ಬರ್ತಾ ಇಲ್ಲ” ಅಂದಳು. “ಹತ್ತಿ.”

“ನೋಡಿ, ನಾನ್ ಹೇಳ್ಲಿಲ್ವಾ?” ಪೀರಪ್ಪ ಸೀಟು ಇಳಿಸಿ ಹ್ಯಾಂಡಲ್ ಹಿಡಿದ. ಪಂಚಾಕ್ಷರಯ್ಯ ಅವನ ಪಕ್ಕಕ್ಕೆ ಹೋಗಿ, “ಇವರನ್ನ ಆಸ್ಪತ್ರೆಗೆ ಬಿಟ್ಟು ಸೀದಾ ಶೆಡ್ಡಿಗೆ ಬಾ. ಸೋಪು ಹಾಕಿ ಮತ್ತೆ ನೋಡ್ಬೇಕು. ನಿನ್ ಸ್ಟ್ಯಾಂಡಲ್ಲಿ ಇರೋರಿಗೆಲ್ಲ ಹೇಳು, ಹೋದ ವರ್ಷದ ಯುಗಾದಿಯಿಂದ ಈಚೆಗೆ ನನ್ನ ಹತ್ರ ಗೆರೆ ಹಾಕಿಸ್ಕೊಂಡೋರೆಲ್ಲ ಬರ್ಬೇಕು” ಅಂದ.

“ಯಾಕೆ? ನೀವೇ ಮೂಸಿದ್ರಲ್ಲ ಅಯ್ನೋರೆ.”

“ಮೂಸಿದ್ದೆ. ನಂಗೆ ವಾಸನೆ ಬರಲ್ಲಪ್ಪಾ.”

“ಅದನ್ನೇ ಅಲ್ವಾ ನಾನೂ ಹೇಳ್ತಿರೋದು” ಪೀರಪ್ಪ ನಕ್ಕ. “ವಾಸನೆ ಇಲ್ಲ ಅಂದ್ರೆ ಗಾಡಿ ಕ್ಲೀನ್ ಅಂತ ತಾನೇ?”

ಪಂಚಾಕ್ಷರಯ್ಯ ಬಾಯಿ ತೆರೆದ. ಇದನ್ನು ಒಬ್ಬೊಬ್ಬರಿಗೂ ಹೀಗೆ ನಿಂತು ಬಿಡಿಸಿ ಹೇಳಬೇಕು, ಅವರೆಲ್ಲ ಮೊದಲು ನಗುತ್ತಾರೆ. ಅಷ್ಟರಲ್ಲಿ ಹಿಂದಿನ ಸೀಟಿನಿಂದ ನೂರುನ್ನೀಸಾ ಹೇಳಿದಳು.

“ಗಾಡೀಲಲ್ಲ ಭಾಯ್. ಇಲ್ದೇ ಇರೋದು ಅವ್ರ ಮೂಗಲ್ಲಿ. ಚಲೋ, ಲೇಟಾಗುತ್ತೆ.”

ಪೀರಪ್ಪನ ನಗು ನಿಂತಿತು. ಗಾಡಿ ಸ್ಟಾರ್ಟ್ ಮಾಡುತ್ತಾ ಅವನು ತಿರುಗಿ ಅಯ್ನೋರ ಮೂಗನ್ನೇ ನೋಡಿದ. ಪಂಚಾಕ್ಷರಯ್ಯ ಮುಖ ತಿರುಗಿಸಿಕೊಳ್ಳದೆ, ಅವನು ನೋಡಿ ಮುಗಿಸುವವರೆಗೂ ಬಿಸಿಲಲ್ಲಿ ನಿಂತಿದ್ದ.